ಹದಿನಾಲ್ಕು ತಂಡಗಳು, ಒಬ್ಬ ಪಿಚರ್: ಎಡ್ವಿನ್ ಜಾಕ್ಸನ್ ಅವರನ್ನು ಹೇಗೆ ಅಳೆಯಬೇಕು?

ಮೈಸೂರಿನ ವೀಕ್ಷಕ:

ಕ್ರಿಕೆಟ್ ನೋಡುತ್ತ ಬೆಳೆದ ನಾನು ಎರಡು ವರ್ಷಗಳಿಂದ ಅಮೆರಿಕದ ಬೇಸ್‌ಬಾಲ್ ಪಂದ್ಯಗಳನ್ನು ಶ್ರದ್ಧೆಯಿಂದ ನೋಡುತ್ತಿದ್ದೇನೆ. ಆಟದ ಇತಿಹಾಸವನ್ನು ಓದುವಾಗಲೆಲ್ಲ ಎಡ್ವಿನ್ ಜಾಕ್ಸನ್ ಎಂಬ ಬಲಗೈ ಪಿಚರ್‌ನ (ಬ್ಯಾಟರ್‌ಗೆ ಚೆಂಡೆಸೆಯುವವನ) ಹೆಸರು ಎದುರಾಗುತ್ತದೆ. 2003ರಿಂದ 2019ರವರೆಗಿನ 17 ಋತುಗಳಲ್ಲಿ ಅವರು ಅಲ್ಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ 14 ತಂಡಗಳಿಗೆ ಆಡಿದ್ದಾರೆ; ಅವರಿಗಿಂತ ಮೊದಲು ಯಾರೂ ಅಷ್ಟು ತಂಡಗಳಿಗೆ ಆಡಿರಲಿಲ್ಲ. ನಮ್ಮಲ್ಲಿ ಅನುಭವಿಯನ್ನು ಏಳು ಕೆರೆಯ ನೀರು ಕುಡಿದವನು ಎನ್ನುತ್ತೇವೆ, ಇವರು ಅದರ ಎರಡರಷ್ಟು ಕುಡಿದವರು.

ನನ್ನನ್ನು ಕಾಡುತ್ತಿರುವುದು ಅವರ ದಾಖಲೆಯ ಒಳಗಿರುವ ವೈರುಧ್ಯ. 2003ರ ಸೆಪ್ಟೆಂಬರ್ 9ರಂದು, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಲಾಸ್ ಏಂಜಲೀಸ್ ಡಾಡ್ಜರ್ಸ್ ಪರವಾಗಿ ಮೊದಲ ಪಂದ್ಯ ಆಡಿದ ಅವರು ಎದುರಾಳಿಯಾಗಿದ್ದ ರ‍್ಯಾಂಡಿ ಜಾನ್ಸನ್ ಅವರಂಥ ದಿಗ್ಗಜನ ವಿರುದ್ಧ ಗೆದ್ದರು. 2009ರಲ್ಲಿ ವರ್ಷದ ಶ್ರೇಷ್ಠ ಆಟಗಾರರ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು, 2010ರಲ್ಲಿ ನೋ-ಹಿಟರ್ ಸಾಧಿಸಿದರು, 2011ರಲ್ಲಿ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಇಷ್ಟೆಲ್ಲ ಇದ್ದರೂ ಒಟ್ಟು ಲೆಕ್ಕ 107 ಗೆಲುವು, 133 ಸೋಲು. ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಅಂದರೆ ಇಆರ್‌ಎ, 4.78. ಇವರನ್ನು ಸೋತವರೆನ್ನಬೇಕೆ, ಗೆದ್ದವರೆನ್ನಬೇಕೆ? ಇಷ್ಟು ತಂಡಗಳು ಅವರನ್ನು ಕರೆದದ್ದೇಕೆ, ಕಳುಹಿಸಿದ್ದೇಕೆ? ಅಲ್ಲಿ ನೆಲೆಸಿ ಆಟವನ್ನು ಹತ್ತಿರದಿಂದ ಕಂಡವರು ವಿವರಿಸಬೇಕೆಂದು ಕೋರುತ್ತೇನೆ.

ಫೀನಿಕ್ಸ್ ಕನ್ನಡಿಗ:

ವೀಕ್ಷಕರೇ, ನೀವು ನೋ-ಹಿಟರ್ ಎಂದು ಒಂದೇ ಪದದಲ್ಲಿ ಮುಗಿಸಿದ, ಅಂದರೆ ಎದುರಾಳಿ ತಂಡದ ಒಬ್ಬ ಬ್ಯಾಟರೂ ಹೊಡೆತದಿಂದ (ಹಿಟ್) ಬೇಸ್ ಸೇರದ ಆ ಪಂದ್ಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಜಾಕ್ಸನ್ ಅವರ ಇಡೀ ವೃತ್ತಿಜೀವನ ಆ ಒಂದು ರಾತ್ರಿಯಲ್ಲಿ ಅಡಗಿದೆ. 2010ರ ಜೂನ್ 25ರಂದು ನಮ್ಮ ಅರಿಝೋನಾ ಡೈಮಂಡ್‌ಬ್ಯಾಕ್ಸ್ ತಂಡ ಫ್ಲಾರಿಡಾದ ಟ್ರಾಪಿಕಾನಾ ಫೀಲ್ಡ್‌ನಲ್ಲಿ ಟ್ಯಾಂಪಾ ಬೇ ರೇಸ್ ವಿರುದ್ಧ ಆಡುತ್ತಿತ್ತು. ಜಾಕ್ಸನ್ ಎರಡು ವರ್ಷ ಹಿಂದೆ ಅದೇ ರೇಸ್ ತಂಡದಲ್ಲಿದ್ದವರು. ನಾನು ಮನೆಯಲ್ಲಿ ಟಿವಿಯ ಮುಂದೆ ಕುಳಿತಿದ್ದೆ. ಮೊದಲ ಮೂರು ಇನ್ನಿಂಗ್ಸ್‌ಗಳಲ್ಲಿ ಅವರು ಏಳು ಬ್ಯಾಟರ್‌ಗಳಿಗೆ ವಾಕ್ ಕೊಟ್ಟರು. ಕ್ರಿಕೆಟ್ ಬಲ್ಲವರಿಗೆ ಹೇಳುವುದಾದರೆ, ಸ್ಟ್ರೈಕ್ ವಲಯದ (ಬ್ಯಾಟರ್ ಹೊಡೆಯಲು ತಕ್ಕ ಜಾಗದ) ಹೊರಗೆ ನಾಲ್ಕು ಎಸೆತ ಹೋದರೆ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ. ವೈಡ್ ಎಸೆತಕ್ಕಿಂತ ಬಹಳ ದುಬಾರಿಯಾದ ತಪ್ಪು ಅದು. ಮೂರನೆಯ ಇನ್ನಿಂಗ್ಸ್‌ನಲ್ಲಂತೂ ಒಬ್ಬರೂ ಔಟಾಗದೆ ಮೂರೂ ಬೇಸ್‌ಗಳು ವಾಕ್‌ಗಳಿಂದಲೇ ತುಂಬಿದ್ದವು. ಅಲ್ಲಿಂದ ಒಂದು ರನ್ನನ್ನೂ ಕೊಡದೆ ಅವರು ಹೊರಬಂದರು.

ಅಷ್ಟು ಹೊತ್ತಿಗೆ ಅವರ ಎಸೆತಗಳ ಸಂಖ್ಯೆ ಗಾಬರಿ ಹುಟ್ಟಿಸುವಷ್ಟಾಗಿತ್ತು. ಈ ಕಾಲದಲ್ಲಿ ಪಿಚರ್ ನೂರು ಎಸೆತ ದಾಟಿದರೆ ತೋಳಿನ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ. ಜಾಕ್ಸನ್ ಅಂದು 149 ಎಸೆದರು. ಅದರಲ್ಲಿ ಸ್ಟ್ರೈಕ್ ಆದದ್ದು, ಅಂದರೆ ಪಿಚರ್ ಪರವಾಗಿ ಎಣಿಕೆಯಾದದ್ದು, ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮ್ಯಾನೇಜರ್ ಎ.ಜೆ. ಹಿಂಚ್ ಅವರಿಗಿದ್ದ, ಜಾಕ್ಸನ್ ಅವರನ್ನು ಆಟದಿಂದ ತೆಗೆಯಬೇಕೆ, ಬಿಡಬೇಕೆ ಎಂಬ ಸಂಕಟ ನೋಡುವವರಿಗೂ ತಟ್ಟುತ್ತಿತ್ತು. ನಮ್ಮ ತಂಡದ ಆಡಮ್ ಲರೋಷ್ ಎರಡನೆಯ ಇನ್ನಿಂಗ್ಸ್‌ನಲ್ಲಿ ಗಡಿಯಾಚೆ ಹೊಡೆದ ಹೋಮ್ ರನ್ ಒಂದೇ ಇಡೀ ಪಂದ್ಯದ ರನ್. ಒಟ್ಟು ಎಂಟು ವಾಕ್ ಕೊಟ್ಟು, ಒಂದೂ ಹಿಟ್ ಕೊಡದೆ, 1-0 ಅಂತರದಲ್ಲಿ ಜಾಕ್ಸನ್ ಗೆದ್ದರು. ನಾನು ಕುರ್ಚಿಯಿಂದ ಎದ್ದು ನಿಂತದ್ದು ಏಳನೆಯ ಇನ್ನಿಂಗ್ಸ್‌ನಲ್ಲಿ. ಪಂದ್ಯ ಮುಗಿಯುವವರೆಗೂ ಮತ್ತೆ ಕುಳಿತುಕೊಳ್ಳಲಾಗಲಿಲ್ಲ.

ಮುಂದಿನದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಒಂದು ವಾರದೊಳಗೆ, ಜುಲೈ 1ರಂದು, ಹಿಂಚ್ ಅವರನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. ಜುಲೈ 30ರಂದು ಜಾಕ್ಸನ್ ಅವರನ್ನು ಚಿಕಾಗೋ ವೈಟ್ ಸಾಕ್ಸ್‌ಗೆ ಕೊಟ್ಟು ಅವರ ಬದಲಿಗೆ ಡೇನಿಯಲ್ ಹಡ್ಸನ್ ಮತ್ತು ಡೇವಿಡ್ ಹೋಮ್‌ಬರ್ಗ್ ಅವರನ್ನು ಪಡೆದರು. ತಂಡದ ಚರಿತ್ರೆಯಲ್ಲಿ ಶಾಶ್ವತವಾಗಿ ಉಳಿಯುವ ಸಾಧನೆ ಮಾಡಿದ ಐದೇ ವಾರಗಳಲ್ಲಿ ಅವರು ಬೇರೆ ಊರಿನವರಾಗಿದ್ದರು. ನಮ್ಮ ತಂಡದಲ್ಲಿ ಅವರ ಲೆಕ್ಕ 6 ಗೆಲುವು, 10 ಸೋಲು, ಇಆರ್‌ಎ 5.16. ಅದೇ ವರ್ಷ ವೈಟ್ ಸಾಕ್ಸ್‌ಗೆ ಹೋಗಿ ಮೊದಲ ಪಿಚರ್ ಆಗಿ ಆರಂಭಿಸಿದ 11 ಪಂದ್ಯಗಳಲ್ಲಿ ಇಆರ್‌ಎ 3.24. ಅದೇ ತೋಳು, ಅದೇ ಬೇಸಿಗೆ.

ಚಿಕಾಗೋ ನಿವಾಸಿ:

ಫೀನಿಕ್ಸಿನವರ ಬರಹದಲ್ಲಿರುವ ಪ್ರೀತಿಯನ್ನು ಗೌರವಿಸುತ್ತೇನೆ, ಆದರೆ ಚಿಕಾಗೋದ ಇನ್ನೊಂದು ತಂಡವಾದ ಕಬ್ಸ್‌ನ ಅಭಿಮಾನಿಯಾಗಿ ನಾನು ಕಂಡದ್ದು ಬೇರೆ. 2013ರ ಜನವರಿಯಲ್ಲಿ ನಮ್ಮ ತಂಡ ಜಾಕ್ಸನ್ ಅವರೊಂದಿಗೆ ನಾಲ್ಕು ವರ್ಷಗಳಿಗೆ 5.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ವರ್ಷದಿಂದ ವರ್ಷಕ್ಕೆ ಊರು ಬದಲಿಸಿದ ಆಟಗಾರನಿಗೆ ಮೊದಲ ಬಾರಿ ದೀರ್ಘಕಾಲದ ನೆಲೆ ಸಿಕ್ಕಿತ್ತು. ಅದರ ಫಲ ಏನಾಯಿತು? ಮೊದಲ ವರ್ಷ 8 ಗೆಲುವು, 18 ಸೋಲು. ಆ ಋತುವಿನಲ್ಲಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನಲ್ಲಿ ಅವರಿಗಿಂತ ಹೆಚ್ಚು ಸೋತ ಪಿಚರ್ ಇರಲಿಲ್ಲ. ಎರಡನೆಯ ವರ್ಷ 6 ಗೆಲುವು, 15 ಸೋಲು, ಇಆರ್‌ಎ 6.33. ಮೂರನೆಯ ವರ್ಷ ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬರುವ ಬದಲಿ ಪಿಚರ್‌ಗಳ ಸಾಲಿಗೆ, ಇಳಿಸಿದರು, ಜುಲೈನಲ್ಲಿ ಬಿಡುಗಡೆ ಮಾಡಿದರು.

ನಾನು 2014ರಲ್ಲಿ ಮಗಳನ್ನು ಮೊದಲ ಬಾರಿಗೆ ರಿಗ್ಲಿ ಫೀಲ್ಡ್‌ಗೆ ಕರೆದುಕೊಂಡು ಹೋದ ದಿನ ಜಾಕ್ಸನ್ ಅವರೇ ಎಸೆಯುತ್ತಿದ್ದರು. ಅವರ ಒಂದೊಂದು ಇನ್ನಿಂಗ್ಸ್ ಎಳೆದಾಡಿಕೊಂಡು ಹೋಗುತ್ತಿತ್ತು. ಎರಡು ಸ್ಟ್ರೈಕ್ ಬಿದ್ದ ಮೇಲೆ (ಮೂರು ಬಿದ್ದರೆ ಔಟ್, ಅದೇ ಸ್ಟ್ರೈಕ್‌ಔಟ್) ಬ್ಯಾಟರ್‌ನನ್ನು ಮುಗಿಸಲಾಗದೆ ಐದು, ಆರು, ಏಳು ಎಸೆತ ಎಸೆಯುತ್ತಿದ್ದರು. ಮೈದಾನ ಕಾಯುತ್ತ ನಿಂತ ಫೀಲ್ಡರ್‌ಗಳಿಗೂ ಅದು ದಣಿವು. ಸಾಮರ್ಥ್ಯ ಇದ್ದೂ ಹನ್ನೊಂದು ವರ್ಷಗಳ ಅನುಭವದ ನಂತರವೂ ಅದನ್ನು ಹಿಡಿತಕ್ಕೆ ತಂದುಕೊಳ್ಳದವರನ್ನು ಗೆದ್ದವರೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಅಂಕಿಅಂಶಗಳ ಓದುಗ:

ಚಿಕಾಗೋದವರೇ, 2014ರ ಬಗ್ಗೆ ತಕರಾರಿಲ್ಲ. ಆದರೆ 2013ನ್ನು ಅದರ ಜೊತೆ ಕಟ್ಟುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಆ ವರ್ಷ ಕಬ್ಸ್ ತಂಡ 96 ಪಂದ್ಯ ಸೋತಿತು. ಕಟ್ಟಿಕೊಳ್ಳುತ್ತಿದ್ದ ತಂಡ ಅದು. ಪಿಚರ್‌ನ ಹೆಸರಿಗೆ ಸೇರುವ ಗೆಲುವು-ಸೋಲುಗಳು ಅವನ ತಂಡ ಎಷ್ಟು ರನ್ ಗಳಿಸಿತು ಎಂಬುದನ್ನೂ ಅವಲಂಬಿಸಿವೆ. ಫೀಲ್ಡರ್‌ಗಳ ಪಾತ್ರವನ್ನು ಬದಿಗಿಟ್ಟು, ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಇವುಗಳಿಂದ ಮಾತ್ರ ಪಿಚರ್‌ನನ್ನು ಅಳೆಯುವ ಎಫ್‌ಐಪಿ ಎಂಬ ಮಾನದಂಡದ ಪ್ರಕಾರ ಜಾಕ್ಸನ್ ಅವರ 2013ರ ಆಟ 4.98 ಇಆರ್‌ಎ ಸೂಚಿಸುವುದಕ್ಕಿಂತ ಸಾಕಷ್ಟು ಉತ್ತಮವಾಗಿತ್ತು. ಆ ವರ್ಷ 175 ಇನ್ನಿಂಗ್ಸ್‌ಗಳಲ್ಲಿ 135 ಸ್ಟ್ರೈಕ್‌ಔಟ್‌ಗಳಿಗೆ ಪ್ರತಿಯಾಗಿ 59 ವಾಕ್. ಇದು ಹೀನಾಯ ಎನ್ನಬಹುದಾದ ಲೆಕ್ಕವಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ: ಏರಿಳಿತ ಏಕೆ? ಜಾಕ್ಸನ್ ಅವರದ್ದು ಗಂಟೆಗೆ 150 ಕಿಲೋಮೀಟರ್ ದಾಟುವ ವೇಗ ಮತ್ತು ತೀಕ್ಷ್ಣವಾಗಿ ತಿರುಗುವ ಸ್ಲೈಡರ್ ಎಸೆತ. 2001ರಲ್ಲಿ ಡಾಡ್ಜರ್ಸ್ ತಂಡ ಆರನೆಯ ಸುತ್ತಿನಲ್ಲಿ ಆಯ್ಕೆ ಮಾಡಿಕೊಂಡಾಗ ಅವರು ಔಟ್‌ಫೀಲ್ಡರ್ ಕೂಡ ಆಗಿದ್ದರು, ಅಂದರೆ ಬಾಲ್ಯದಿಂದ ಪಿಚಿಂಗ್ ಒಂದನ್ನೇ ಕಲಿತು ಬಂದವರಲ್ಲ. ಎರಡೇ ವರ್ಷದಲ್ಲಿ ಅವರನ್ನು ಮೇಜರ್ ಲೀಗ್‌ಗೆ ತಂದರು. ಆ ಹುಟ್ಟುಹಬ್ಬದ ಗೆಲುವು ಎಲ್ಲರ ಕಣ್ಣು ಕುಕ್ಕಿತು, ಆದರೆ 2004ರಲ್ಲಿ ಅವರ ಇಆರ್‌ಎ 7.30, 2005ರಲ್ಲಿ 6.28. ಎಸೆತವನ್ನು ಪ್ರತಿಸಲ ಒಂದೇ ಜಾಗದಿಂದ, ಒಂದೇ ಲಯದಲ್ಲಿ ಬಿಡುವ ಅಭ್ಯಾಸ ಗಟ್ಟಿಯಾಗುವ ಮೊದಲೇ ಅತಿ ಕಠಿಣ ಬ್ಯಾಟರ್‌ಗಳ ಮುಂದೆ ನಿಲ್ಲಬೇಕಾಯಿತು. ಚೆಂಡು ಕೈಬಿಡುವ ಬಿಂದು ಬೆರಳಿನಷ್ಟು ಬದಲಾದರೂ ಸುಮಾರು 18 ಮೀಟರ್ ದೂರದಲ್ಲಿರುವ ಹೋಮ್ ಪ್ಲೇಟ್ ತಲುಪುವಾಗ ಅದು ವಲಯದಿಂದ ಆಚೆಗೆ ಹೋಗಿರುತ್ತದೆ, ಇಲ್ಲವೇ ಬ್ಯಾಟರ್‌ಗೆ ಬೇಕಾದ ನಡುಮಧ್ಯಕ್ಕೆ ಬಂದಿರುತ್ತದೆ. ಲಯ ಹಿಡಿದ ದಿನ ಅವರನ್ನು ಯಾರೂ ಮುಟ್ಟಲಾರರು, ತಪ್ಪಿದ ದಿನ ಮೂರನೆಯ ಇನ್ನಿಂಗ್ಸ್‌ಗೇ ಬುಲ್‌ಪೆನ್‌ನ ದೂರವಾಣಿ ಬಾರಿಸಬೇಕು. 2009ರ ಡೆಟ್ರಾಯಿಟ್ ಋತುವಿನಲ್ಲೇ ಎರಡೂ ಇದ್ದವು: ಆಲ್-ಸ್ಟಾರ್ ವಿರಾಮದವರೆಗೆ ಇಆರ್‌ಎ 2.52, ಅನಂತರ ಐದಕ್ಕೂ ಮೇಲೆ.

ಇನ್ನೊಂದು ಮಾತನ್ನು ಯಾರೂ ಹೇಳಿಲ್ಲ. 2007ರಿಂದ 2013ರವರೆಗೆ ಏಳು ಋತುಗಳ ಕಾಲ ಜಾಕ್ಸನ್ ಪ್ರತಿವರ್ಷ ಕನಿಷ್ಠ 31 ಪಂದ್ಯಗಳನ್ನು ಆರಂಭಿಸಿದರು. ಐದು ದಿನಕ್ಕೊಮ್ಮೆ ಪಿಚರ್‌ನ ಸರದಿ ಬರುತ್ತದೆ. ಬೆನ್ನು, ಮೊಣಕೈ, ಭುಜ ಎಂದು ಒಬ್ಬರಲ್ಲ ಒಬ್ಬರು ಕುಳಿತುಬಿಡುವ ಆಟದಲ್ಲಿ ಏಳು ವರ್ಷ ಸರದಿ ತಪ್ಪದೆ ಬಂದು ನಿಲ್ಲುವುದು ಸಣ್ಣ ಮಾತಲ್ಲ. ಫಲಿತಾಂಶದಲ್ಲಿ ಅವರು ಅಸ್ಥಿರರಾಗಿರಬಹುದು, ಹಾಜರಿಯಲ್ಲಿ ಅವರಷ್ಟು ಸ್ಥಿರರಾದವರು ಆ ಕಾಲದಲ್ಲಿ ಕಡಿಮೆ. ತಂಡಗಳು ಅವರನ್ನು ಮತ್ತೆ ಮತ್ತೆ ಕೇಳಿ ಪಡೆದದ್ದರ ಗುಟ್ಟು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಮೈಸೂರಿನ ವೀಕ್ಷಕ:

ಹಾಜರಿಯ ಈ ವಿಚಾರ ನನಗೆ ಹೊಳೆದೇ ಇರಲಿಲ್ಲ, ವಂದನೆಗಳು. ಐಪಿಎಲ್‌ನಲ್ಲಿ ಆರನ್ ಫಿಂಚ್ ನಮ್ಮ ಆರ್‌ಸಿಬಿ ಸೇರಿ ಒಂಬತ್ತು ತಂಡಗಳಿಗೆ ಆಡಿದರು, ಆದರೆ ಅಲ್ಲಿ ಹರಾಜು ಇದೆ. ಇಲ್ಲಿ ಋತುವಿನ ನಡುವೆಯೇ ಆಟಗಾರನನ್ನು ಕೊಟ್ಟುಬಿಡುತ್ತಾರೆ. ಆಟಗಾರ ಒಲ್ಲೆ ಎನ್ನಲು ಬರುವುದಿಲ್ಲವೇ?

ಅಂಕಿಅಂಶಗಳ ಓದುಗ:

ಸಾಮಾನ್ಯವಾಗಿ ಬರುವುದಿಲ್ಲ. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರಿಗೆ ಮಾತ್ರ ವಿನಿಮಯವನ್ನು ನಿರಾಕರಿಸುವ ಹಕ್ಕು ತಾನಾಗಿ ಬರುತ್ತದೆ. ಉಳಿದವರು ಒಪ್ಪಂದದಲ್ಲೇ ಅದನ್ನು ಬರೆಸಿಕೊಂಡಿರಬೇಕು. ಜಾಕ್ಸನ್ ಯಾವ ತಂಡದಲ್ಲೂ ಐದು ವರ್ಷ ಇರಲೇ ಇಲ್ಲ. 2011ರ ಜುಲೈ 27ರಂದು ಅವರನ್ನು ವೈಟ್ ಸಾಕ್ಸ್‌ನಿಂದ ಟೊರೊಂಟೊ ಬ್ಲೂ ಜೇಸ್‌ಗೂ, ಅದೇ ದಿನ ಟೊರೊಂಟೊದಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೂ ದಾಟಿಸಲಾಯಿತು. ಆ ಎರಡನೆಯ ವಿನಿಮಯದಲ್ಲಿ ಅವರ ಜೊತೆ ಹೋದವರಲ್ಲಿ ಆಕ್ಟೇವಿಯೊ ಡೋಟೆಲ್ ಕೂಡ ಇದ್ದರು. ಡೋಟೆಲ್ ಮುಂದೆ 13 ತಂಡಗಳ ದಾಖಲೆ ಮಾಡಿದರು, ಆ ದಾಖಲೆಯನ್ನು ಮುರಿದವರು ಜಾಕ್ಸನ್.

2009ರ ಡಿಸೆಂಬರ್‌ನ ಮೂರು ತಂಡಗಳ ವಿನಿಮಯ ಇನ್ನೂ ದೊಡ್ಡದು. ಜಾಕ್ಸನ್ ಡೆಟ್ರಾಯಿಟ್‌ನಿಂದ ಅರಿಝೋನಾಕ್ಕೆ, ಮ್ಯಾಕ್ಸ್ ಶರ್ಜರ್ ಅರಿಝೋನಾದಿಂದ ಡೆಟ್ರಾಯಿಟ್‌ಗೆ, ಕರ್ಟಿಸ್ ಗ್ರಾಂಡರ್ಸನ್ ಯಾಂಕೀಸ್‌ಗೆ. ಶರ್ಜರ್ ಮುಂದೆ ಮೂರು ಸಲ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಆದರೆ ಅಂದು ಮೇಜಿನ ಮೇಲಿದ್ದ ಲೆಕ್ಕದಲ್ಲಿ ಆಲ್-ಸ್ಟಾರ್ ಆಗಿದ್ದವರು ಜಾಕ್ಸನ್, ಶರ್ಜರ್ ಅಲ್ಲ ಎಂಬುದನ್ನು ಮರೆಯಬಾರದು.

ಸೇಂಟ್ ಲೂಯಿಸ್ ಓದುಗಿ:

2011ರ ಅಕ್ಟೋಬರ್ ಬಗ್ಗೆ ಬರೆಯದೆ ಇರಲಾರೆ, ಏಕೆಂದರೆ ಆ ತಿಂಗಳು ನಮ್ಮ ಊರಿನವರೆಲ್ಲ ರಾತ್ರಿ ನಿದ್ದೆಗೆಟ್ಟು ಬದುಕಿದೆವು. ಅಕ್ಟೋಬರ್ 5ರಂದು ಫಿಲಡೆಲ್ಫಿಯಾ ವಿರುದ್ಧ ಪ್ಲೇಆಫ್ ಸರಣಿಯ ನಾಲ್ಕನೆಯ ಪಂದ್ಯ. ಸೋತರೆ ಋತು ಮುಗಿಯಿತು. ಜಾಕ್ಸನ್ ಎಸೆಯಲು ಬಂದರು. ಮೊದಲ ಮೂವರು ಬ್ಯಾಟರ್‌ಗಳೂ ಹೊಡೆದರು, ಒಬ್ಬರೂ ಔಟಾಗುವ ಮೊದಲೇ ಎರಡು ರನ್ ಹೋದವು. ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಅತ್ತೆಯವರು ಟಿವಿ ಆರಿಸಿಬಿಡಿ ಎಂದರು. ಆದರೆ ಆ ಎರಡು ರನ್‌ಗಳ ಮೇಲೆ ಜಾಕ್ಸನ್ ಮತ್ತೊಂದನ್ನು ಕೊಡಲಿಲ್ಲ. ಆರು ಇನ್ನಿಂಗ್ಸ್ ಎಸೆದರು, ಡೇವಿಡ್ ಫ್ರೀಸ್ ಬ್ಯಾಟಿನಿಂದ ರನ್ ಬಂದವು, 5-3ರಿಂದ ಗೆದ್ದೆವು. ಅಂದು ಅವರು ಕುಸಿದಿದ್ದರೆ ಮುಂದಿನ ಪಂದ್ಯದಲ್ಲಿ ನಮ್ಮ ಕ್ರಿಸ್ ಕಾರ್ಪೆಂಟರ್ ಅವರ ಪ್ರಸಿದ್ಧ 1-0 ಗೆಲುವೂ ಇರುತ್ತಿರಲಿಲ್ಲ, ಮುಂದಿನ ಯಾವುದೂ ಇರುತ್ತಿರಲಿಲ್ಲ.

ಹನ್ನೊಂದು ದಿನಗಳ ನಂತರ ಮಿಲ್ವಾಕೀ ವಿರುದ್ಧ ಅದೇ ಜಾಕ್ಸನ್ ಎರಡೇ ಇನ್ನಿಂಗ್ಸ್‌ನಲ್ಲಿ ನಾಲ್ಕು ರನ್ ಕೊಟ್ಟು ಹೊರಬಿದ್ದರು. ಬ್ಯಾಟರ್‌ಗಳ ದಯೆಯಿಂದ 12-6ಕ್ಕೆ ಗೆದ್ದೆವು. ಆಮೇಲೆ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಪಂದ್ಯದಲ್ಲಿ ಟೆಕ್ಸಸ್ ವಿರುದ್ಧ ಅವರು ಕೊಟ್ಟ ಹಿಟ್ ಮೂರೇ, ವಾಕ್ ಮಾತ್ರ ಏಳು. ಆರನೆಯ ಇನ್ನಿಂಗ್ಸ್‌ನಲ್ಲಿ ಅವರು ಬೇಸ್ ಮೇಲೆ ಬಿಟ್ಟುಹೋದ ಇಬ್ಬರೂ ಮೈಕ್ ನಪೋಲಿ ಹೊಡೆದ ಹೋಮ್ ರನ್‌ನಲ್ಲಿ ಹೋಮ್ ಪ್ಲೇಟ್ ಸೇರಿ ರನ್ ಗಳಿಸಿದರು, 4-0ಕ್ಕೆ ಸೋತೆವು. ಫೀನಿಕ್ಸಿನವರು ಬರೆದ ನೋ-ಹಿಟರ್‌ಗೂ ಈ ಸೋಲಿಗೂ ಇರುವ ಹೋಲಿಕೆ ನೋಡಿ: ಎರಡರಲ್ಲೂ ಬ್ಯಾಟರ್‌ಗಳಿಗೆ ಅವರ ಚೆಂಡನ್ನು ಹೊಡೆಯಲು ಆಗಲಿಲ್ಲ, ಎರಡರಲ್ಲೂ ಅವರು ಬೇಸ್‌ಗಳನ್ನು ತಾವೇ ತುಂಬಿಸಿಕೊಂಡರು. ಒಂದು ಇತಿಹಾಸವಾಯಿತು, ಇನ್ನೊಂದು ಸೋಲಾಯಿತು. ಚಿಕಾಗೋದ ಸಹೋದರರಿಗೆ ಅವರ ನೋವು ಅವರದ್ದು, ಆದರೆ ಅಕ್ಟೋಬರ್ 5ರ ಆ ಆರು ಇನ್ನಿಂಗ್ಸ್‌ಗಳಿಗಾಗಿ ನಾನು ಜಾಕ್ಸನ್ ಅವರಿಗೆ ಎಂದೆಂದಿಗೂ ಋಣಿ.

ಚಿಕಾಗೋ ನಿವಾಸಿ:

ತಂಗಿಯವರ ಮಾತನ್ನು ಒಪ್ಪುತ್ತೇನೆ. 2013ರ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿದ್ದೆ ಎಂಬುದನ್ನೂ ಒಪ್ಪುತ್ತೇನೆ. ಆದರೂ ನನ್ನ ಒಂದು ಆಕ್ಷೇಪ ಹಾಗೆಯೇ ಇದೆ. ಹದಿನಾಲ್ಕು ತಂಡಗಳು ಕರೆದವು ಎಂಬುದನ್ನು ಮಾತ್ರ ಹೊಗಳುವಾಗ ಕೊನೆಯ ಕರೆಗಳು ಹೇಗೆ ಬಂದವು ಎಂಬುದನ್ನೂ ನೋಡಬೇಕು. ಕಬ್ಸ್ ಬಿಡುಗಡೆ ಮಾಡಿದಾಗ ಒಪ್ಪಂದದ ಉಳಿದ ಹಣದ ಹೊಣೆ ಕಬ್ಸ್ ಮೇಲೆಯೇ ಇತ್ತು. ಆದ್ದರಿಂದ 2015ರಲ್ಲಿ ಅಟ್ಲಾಂಟಾ, 2016ರಲ್ಲಿ ಮಯಾಮಿ ತಂಡಗಳಿಗೆ ಅವರು ಕನಿಷ್ಠ ವೇತನಕ್ಕೆ ದೊರೆತರು. ಅಗ್ಗವಾಗಿ ಸಿಗುವ ಅನುಭವಿಯನ್ನು ಯಾರು ಬೇಡವೆನ್ನುತ್ತಾರೆ? ಅದೇ ವರ್ಷ ಸ್ಯಾನ್ ಡಿಯೇಗೊ, ಮರುವರ್ಷ ಬಾಲ್ಟಿಮೋರ್, ಮತ್ತೆ ವಾಷಿಂಗ್ಟನ್. ಒಂದು ಕಡೆಯೂ ಅವರು ಬೇರೂರಲಿಲ್ಲ.

ಬೇ ಏರಿಯಾ ಓದುಗ:

ಅಗ್ಗ ಎಂಬುದು ನಿಜ, ಆದರೆ 2018ರ ಓಕ್ಲ್ಯಾಂಡ್ ಅಥ್ಲೆಟಿಕ್ಸ್ ಅನ್ನು ಯಾರೂ ಪ್ರಸ್ತಾಪಿಸಲಿಲ್ಲ. ಗಾಯಗಳಿಂದ ಪಿಚರ್‌ಗಳ ಸಾಲೇ ಕರಗಿಹೋಗಿದ್ದ ತಂಡಕ್ಕೆ ಅವರು ಮೈನರ್ ಲೀಗ್ (ಕೆಳ ಹಂತದ ಲೀಗ್) ಒಪ್ಪಂದದ ಮೇಲೆ ಬಂದರು. ಜೂನ್ 25ರಂದು, ಅಂದರೆ ನೋ-ಹಿಟರ್ ಆಗಿ ಸರಿಯಾಗಿ ಎಂಟು ವರ್ಷಕ್ಕೆ, ಹದಿಮೂರನೆಯ ತಂಡದ ಪರ ಕಣಕ್ಕಿಳಿದು ಡೋಟೆಲ್ ಅವರ ದಾಖಲೆಯನ್ನು ಸರಿಗಟ್ಟಿದರು. ಆಮೇಲೆ 17 ಪಂದ್ಯ ಆರಂಭಿಸಿ 6 ಗೆಲುವು, 3 ಸೋಲು, ಇಆರ್‌ಎ 3.33. ಅವರಿಗಾಗ 34 ವರ್ಷ. ತಂಡ 97 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಆ ಬೇಸಿಗೆಯಲ್ಲಿ ನಾನು ಮೂರು ಸಲ ಕ್ರೀಡಾಂಗಣಕ್ಕೆ ಹೋದೆ. ಹಳೆಯ ವೇಗವನ್ನೇ ನೆಚ್ಚಿಕೊಳ್ಳದೆ, ಎಸೆತವನ್ನು ಬದಲಿಸುತ್ತ, ಚೆಂಡನ್ನು ತಗ್ಗಿನಲ್ಲಿ ಎಸೆಯುತ್ತ ಅವರು ಆಡುವುದನ್ನು ನೋಡುವುದೇ ಒಂದು ಸಂತೋಷವಾಗಿತ್ತು.

2019ರ ಮೇ 15ರಂದು ಅವರು ಬ್ಲೂ ಜೇಸ್ ಪರ ನಮ್ಮ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಜೈಂಟ್ಸ್ ವಿರುದ್ಧ ಎಸೆದು ಹದಿನಾಲ್ಕನೆಯ ತಂಡದ ದಾಖಲೆ ಮಾಡಿದರು. ಎಂಟು ವರ್ಷದ ಹಿಂದೆ ಒಂದೇ ದಿನ ಕಾಗದದ ಮೇಲೆ ಸೇರಿ ಬಿಟ್ಟಿದ್ದ ತಂಡದ ಅಂಗಿಯನ್ನು ಅವರು ಕೊನೆಗೂ ತೊಟ್ಟಂತಾಯಿತು. ಆ ಋತು ಮಾತ್ರ ನೋವಿನದು: 3 ಗೆಲುವು, 10 ಸೋಲು, ಇಆರ್‌ಎ 9.58. ಕೊನೆಯ ಪಂದ್ಯಗಳನ್ನು ಮತ್ತೆ ಡೆಟ್ರಾಯಿಟ್ ಪರ ಆಡಿದರು. ಅದೇ ಕೊನೆ ಎಂದುಕೊಂಡಿದ್ದೆವು, ಆದರೆ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಅಮೆರಿಕ ತಂಡದಲ್ಲಿ ಅವರಿದ್ದರು. ಫೈನಲ್‌ನಲ್ಲಿ ಜಪಾನ್ ಎದುರು 2-0ಕ್ಕೆ ಸೋತು ಬೆಳ್ಳಿ ಪದಕ ಪಡೆದರು. ತಂದೆ ಅಮೆರಿಕದ ಸೈನ್ಯದಲ್ಲಿದ್ದುದರಿಂದ ಜರ್ಮನಿಯ ನಾಯ್-ಉಲ್ಮ್‌ನಲ್ಲಿ ಹುಟ್ಟಿದ ಹುಡುಗ ದೇಶದ ಅಂಗಿ ತೊಟ್ಟು ಪದಕ ಪಡೆದದ್ದು ನನಗೆ ಎಲ್ಲ ದಾಖಲೆಗಳಿಗಿಂತ ಹಿಡಿಸಿತು. 2022ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು.

ಫೀನಿಕ್ಸ್ ಕನ್ನಡಿಗ:

ಒಂದು ಸಣ್ಣ ಸೇರ್ಪಡೆ: ಆ ದಾಖಲೆ ಈಗ ಅವರೊಬ್ಬರದ್ದಾಗಿ ಉಳಿದಿಲ್ಲ. 2025ರ ಜುಲೈನಲ್ಲಿ, 45ನೆಯ ವಯಸ್ಸಿನಲ್ಲಿ, ಎಡಗೈ ಪಿಚರ್ ರಿಚ್ ಹಿಲ್ ಕ್ಯಾನ್ಸಸ್ ಸಿಟಿ ರಾಯಲ್ಸ್ ಪರ ಆಡಿ ಹದಿನಾಲ್ಕಕ್ಕೆ ಸಮಗಟ್ಟಿದರು. ಎದುರಾಳಿ ಚಿಕಾಗೋದವರ ಕಬ್ಸ್.

ಮೈಸೂರಿನ ವೀಕ್ಷಕ:

ಎಲ್ಲರಿಗೂ ಕೃತಜ್ಞತೆಗಳು. ಸೋತವರೇ ಗೆದ್ದವರೇ ಎಂದು ನಾನು ಕೇಳಿದ್ದ ಪ್ರಶ್ನೆಯೇ ಒರಟಾಗಿತ್ತು ಎಂದು ಈಗ ಅರಿವಾಗುತ್ತಿದೆ. ಒಬ್ಬ ಪಿಚರ್ 318 ಪಂದ್ಯಗಳನ್ನು ಆರಂಭಿಸಿ, 1,500ಕ್ಕೂ ಹೆಚ್ಚು ಸ್ಟ್ರೈಕ್‌ಔಟ್ ಪಡೆದು ನಿವೃತ್ತನಾದ ಎಂಬ ವಾಕ್ಯವನ್ನು ಅವರ ಇಆರ್‌ಎ ಪಕ್ಕದಲ್ಲಿಟ್ಟು ಓದಬೇಕಿತ್ತು. ನಾನು ಹಾಗೆ ಓದಿರಲಿಲ್ಲ. ಈ ಶನಿವಾರ 2010ರ ಆ ಪಂದ್ಯದ ಪೂರ್ಣ ದೃಶ್ಯಮುದ್ರಿಕೆ ಸಿಕ್ಕರೆ ನೋಡುತ್ತೇನೆ, ಕೊನೆಯ ಔಟಿನ ತುಣುಕನ್ನಲ್ಲ, ಬೇಸ್‌ಗಳು ತುಂಬಿದ್ದ ಮೂರನೆಯ ಇನ್ನಿಂಗ್ಸ್ ಅನ್ನು. ಆರನೆಯ ಇನ್ನಿಂಗ್ಸ್‌ನ ಹೊತ್ತಿಗೆ ಹಿಂಚ್ ಅವರ ಜಾಗದಲ್ಲಿ ನಾನಿದ್ದರೆ ಜಾಕ್ಸನ್ ಅವರನ್ನು ಆಡಲು ಬಿಡುತ್ತಿದ್ದೆನೋ ಇಲ್ಲವೋ, ನೋಡಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.